ಎಡಬಾಗಿಲಿನ ಸೀಟಿ

ಹೋದ ತಿಂಗಳು ಸೂರತ್‌ನಿಂದ ಒಂದು ಫೋನ್ ಬಂತು. ಮಾತಾಡಿದವಳು ವಡೋದರಾದಲ್ಲಿ ನನ್ನ ನೆರೆಯವರಾಗಿದ್ದ ಅಕ್ಕನ ಮಗಳು. ಗುಜರಾತಿನಲ್ಲೇ ಹುಟ್ಟಿ ಬೆಳೆದ ಹುಡುಗಿ; ಅವಳ ಕನ್ನಡ ಎರಡು ಹೆಜ್ಜೆ ನಡೆದು ಮೂರನೆಯದಕ್ಕೆ ಹಿಂದಿಯ ಕೈ ಹಿಡಿಯುತ್ತದೆ.

"ಅಂಕಲ್, ಅವ್ವ ಹೋದ್ಲು. ಹದಿನೈದು ದಿನ ಆತು. ಸುಬಹ್ ಚಹಾ ಕುಡದು ಪೇಪರ್ ಓದ್ತಾ ಕೂತಿದ್ಲು, ಬಸ್, ಹಂಗೇ..." ಅಂದಳು. ಆಮೇಲೆ ಅವಳೇ ಮುಂದುವರಿಸಿದಳು. "ಒಂದು ಡಬ್ಬಾ ಇದೆ. ಅದರ ಮ್ಯಾಲೆ ನಿಮ್ಮ ಹೆಸರು ಬರದಾಳ. ಒಳಗ ನಳಿ, ದಾರ, ಔರ್ ಬಹುತ್ ಸಾರಾ ಬಿಳಿ ಪೌಡರ್. ಕೊರಿಯರ್‌ನವನು ಮೂಸಿ ನೋಡಿ, 'ನಾ ಬೆನ್, ಆ ನಹೀ ಚಾಲೇ', ಇದು ನಡೆಯಂಗಿಲ್ಲ ಅಂದ. ಏನ್ ಮಾಡ್ಲಿ?"

ಕೊರಿಯರ್‌ನವನದು ತಪ್ಪಿಲ್ಲ. ಬಿಳಿ ಪುಡಿಯಲ್ಲಿ ಹೂತಿಟ್ಟ ಸಲೈನ್ ನಳಿಗೆ, ಒಂದು ಉಂಡೆ ದಾರ, ನಾಲ್ಕು ಸೇಫ್ಟಿ ಪಿನ್ನು: ಯಾರಿಗಾದರೂ ಅನುಮಾನ ಬರುತ್ತದೆ. ಮುಂದಿನ ಭಾನುವಾರ ಬೆಳಗಿನ ರೈಲು ಹಿಡಿದು ಅಹಮದಾಬಾದಿನಿಂದ ನಾನೇ ಹೋಗಿ ತಂದೆ. ವಾಪಸು ಬರುವಾಗ ರೈಲಿನಲ್ಲಿ ಡಬ್ಬಿ ಹೊರಳಿಸಿ ನೋಡಿದರೆ, ನನ್ನ ಹೆಸರಿನ ಕೆಳಗೆ ಔಷಧಿ ಸೀಸೆಯ ಮೇಲೆ ಬರೆಯುವಂಥ ಗುಂಡು ಅಕ್ಷರಗಳಲ್ಲಿ ಇನ್ನೊಂದು ಸಾಲಿತ್ತು: "ಕೊಬ್ಬರಿ ಎಣ್ಣಿ ಹಚ್ಚಬಾರದು." ನಾನು ಗಟ್ಟಿಯಾಗಿ ನಕ್ಕೆ. ಪಕ್ಕದ ಸೀಟಿನವರು ತಿರುಗಿ ನೋಡಿದರು. ಅಷ್ಟರಲ್ಲಿ ಕಣ್ಣಲ್ಲಿ ನೀರು ಬಂದಿತ್ತು, ಅದನ್ನೂ ಅವರು ನೋಡಿದರು.

ಆ ಎಣ್ಣೆಯ ಕತೆಯಿಂದಲೇ ಶುರು ಮಾಡುತ್ತೇನೆ, ಅಕ್ಕನ ಪರಿಚಯವಾದದ್ದೂ ಅದರಿಂದಲೇ.

ಆಗ ನಾನು ವಡೋದರಾಕ್ಕೆ ವರ್ಗವಾಗಿ ಹೊಸದಾಗಿ ಬಂದಿದ್ದೆ. ಅಲ್ಕಾಪುರಿಯ ಒಂದು ಬ್ಯಾಂಕ್ ಶಾಖೆಯಲ್ಲಿ ಕೆಲಸ. ಹೆಂಡತಿ ಮೈಸೂರಿನಲ್ಲಿ ಟೀಚರ್. ನನ್ನ ಜೊತೆಗಿದ್ದದ್ದು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡ ಒಂದು ಸಣ್ಣ ಕಾರು ಮಾತ್ರ. ಆ ಊರಿನ ಬೇಸಿಗೆ ಕಾರಿನ ಬಾಗಿಲ ಸುತ್ತಲಿನ ರಬ್ಬರ್ ಪಟ್ಟಿಯನ್ನು ಸುಟ್ಟ ಹಪ್ಪಳ ಮಾಡಿಟ್ಟಿತ್ತು. ಮೊದಲ ಮಳೆಗೇ ನೀರು ಒಳಗಿಳಿದು ಕಾಲಡಿಯ ಮ್ಯಾಟಿನ ಕೆಳಗೆ ನಿಂತಿತು. ನಮ್ಮಮ್ಮನಿಗೆ ಒಣಗಿದ್ದು ಯಾವುದೇ ಇರಲಿ, ಕೂದಲು, ಹಿಮ್ಮಡಿ, ಬಾಗಿಲ ತಿರುಗಣಿ, ಎಲ್ಲಕ್ಕೂ ಒಂದೇ ಮದ್ದು. ನಾನೂ ಅಮ್ಮನ ಮಗ. ಒಂದು ಬಾಟಲಿ ಕೊಬ್ಬರಿ ಎಣ್ಣೆಯನ್ನು ನಾಲ್ಕೂ ಬಾಗಿಲ ರಬ್ಬರಿಗೆ ಧಾರಾಳವಾಗಿ ಬಳಿದೆ. ಮೂರನೆಯ ದಿನ ನೋಡಿದರೆ ರಬ್ಬರ್ ಉಬ್ಬಿಕೊಂಡು, ಊರ ಧೂಳೆಲ್ಲ ಅದಕ್ಕೆ ಅಂಟಿಕೊಂಡು, ಹಿಂಬಾಗಿಲ ಮೇಲೆ ಇರುವೆಗಳ ಸಾಲು. ಏನು ಮಾಡುವುದೆಂದು ತೋಚದೆ ನಮ್ಮ ಹೌಸಿಂಗ್ ಸೊಸೈಟಿಯ ಪಾರ್ಕಿಂಗ್‌ನಲ್ಲಿ ನಿಂತಿದ್ದಾಗ ಬೆನ್ನ ಹಿಂದೆ ಕನ್ನಡ ಕೇಳಿತು.

"ಯಾರಪಾ ಕಾರಿಗೆ ಎಣ್ಣಿ ಸ್ನಾನಾ ಮಾಡಿಸ್ಯಾರ?"

ತಿರುಗಿದೆ. ಅರವತ್ತು ದಾಟಿದ ಹೆಂಗಸು. ನೂಲಿನ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದು, ಕೈಯಲ್ಲಿ ತರಕಾರಿ ಚೀಲ. ಕನ್ನಡಕ ಕೊರಳಿಂದ ಒಂದು ಗುಲಾಬಿ ಬಣ್ಣದ ದಾರದಲ್ಲಿ ನೇತಾಡುತ್ತಿತ್ತು. ಅದು ಸಂಕ್ರಾಂತಿಯಲ್ಲಿ ಮಿಕ್ಕ ಗಾಳಿಪಟದ ದಾರವೆಂದು ಆಮೇಲೆ ತಿಳಿಯಿತು.

"ನೀವು ಕನ್ನಡದವರಾ ಅಕ್ಕಾ?" ಅಂದೆ, ಸಂತೋಷ ತಡೆಯಲಾರದೆ.

"ಅದು ಆಮ್ಯಾಲೆ. ಗುಜರಾತದಾಗ ಕಾರಿಗೆ ಕೊಬ್ಬರಿ ಎಣ್ಣಿ ಹಚ್ಚಾವ ಮೈಸೂರ ಕಡಿಯಾವನ ಇರಬೇಕು. ಇಲ್ಲೀ ಮಂದಿಗೆ ಹುಚ್ಚ ಹಿಡದಿದ್ರ ಶೇಂಗಾ ಎಣ್ಣಿ ಹಚ್ತಿದ್ರು." ರಬ್ಬರನ್ನು ಬೆರಳಿಂದ ಒತ್ತಿ ನೋಡಿ ಲೊಚಗುಟ್ಟಿದರು. "ಊದೇದ ನೋಡು ಪಾಪ. ರವಿವಾರ ಮುಂಜಾನೆ ಏಳಕ್ಕ ಇಲ್ಲೇ ಬಾ. ಬಕೀಟು, ಸಾಬಾಣ, ಒಂದ ಹಳೇ ಲಂಗದ ಲಾಡಿ ತೊಗೊಂಡ ಬಾ."

"ಲಂಗದ ಲಾಡಿ ನನ್ನ ಹತ್ರ ಎಲ್ಲಿರುತ್ತೆ ಅಕ್ಕಾ?"

"ಪೈಜಾಮಾದ್ದು ಇರ್ತದಲ್ಲ, ಅದನ್ನ ತಾ."

ಧಾರವಾಡದವರು. ಗಂಡ ರೈಲ್ವೆಯಲ್ಲಿ ಗೂಡ್ಸ್ ಗಾರ್ಡ್ ಆಗಿದ್ದವರು. ಅವರ ಕೆಲಸದ ಬೆನ್ನು ಹಿಡಿದು ಈ ಊರಿಗೆ ಬಂದು, ತಾವೂ ಒಂದು ಆಸ್ಪತ್ರೆಯ ಔಷಧಿ ಕೌಂಟರಿನಲ್ಲಿ ಇಪ್ಪತ್ತೆಂಟು ವರ್ಷ ನಿಂತು ನಿವೃತ್ತರಾಗಿದ್ದರು. ಕಾರಿನ ವಿದ್ಯೆ ಬಂದದ್ದು ಆ ಕೌಂಟರಿನ ಹಿಂದಿನಿಂದಲೇ. ಆಸ್ಪತ್ರೆಯಲ್ಲಿ ಕೈಗವಸು, ಬಿಸಿನೀರಿನ ಚೀಲ, ಹಾಸಿಗೆಗೆ ಹಾಸುವ ಶೀಟು, ಎಲ್ಲವೂ ರಬ್ಬರು. ಅವನ್ನು ಎಣ್ಣೆಯಿಂದ ದೂರ, ಬಿಸಿಲಿನಿಂದ ದೂರ, ಪೌಡರ್ ಹಾಕಿ ಇಟ್ಟರೆ ವರ್ಷಗಟ್ಟಲೆ ಬಾಳುತ್ತವೆಂದು ಅವರು ಕಂಡುಕೊಂಡಿದ್ದರು. ಕಾರಿನ ಬಾಗಿಲಿಗೂ ಅದೇ ಶಾಸ್ತ್ರ. "ರಬ್ಬರಿಗೆ ವಯಸ್ಸಾಗಂಗಿಲ್ಲೋ ತಮ್ಮಾ, ಬ್ಯಾಸರಾಗ್ತದ. ಯಾರೂ ಮಾತಾಡಸಲಿಲ್ಲ ಅಂದ್ರ ಬಿರಸಾಗಿ ಕೂತು ಬಿಡ್ತದ," ಅನ್ನುತ್ತಿದ್ದರು.

ಆ ಭಾನುವಾರ ನನಗೆ ದೀಕ್ಷೆಯಾಯಿತು. ಮೊದಲು ಸಾಬೂನು ನೀರಿನಲ್ಲಿ ಮೂರು ಸಲ ತೊಳೆಸಿದರು, ಎಣ್ಣೆಯ ಜಿಡ್ಡೆಲ್ಲ ಬಿಡುವವರೆಗೆ. ಒಣಗಿದ ಮೇಲೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಚಪ್ಪಟೆಯಾದ ಕಡೆಯೆಲ್ಲ ಒತ್ತಿಸಿದರು, ಉಳುಕಿದ ಕಾಲಿಗೆ ಶಾಖ ಕೊಡುವ ಹಾಗೆ. ಅರ್ಧ ಪಟ್ಟಿ ಅಷ್ಟಕ್ಕೇ ಮೈ ತುಂಬಿಕೊಂಡು ಎದ್ದಿತು. ಏಳದ ಕಡೆಗಳಿಗೆ ಲಾಡಿಯ ಪ್ರಯೋಗ. ಬಾಗಿಲ ರಬ್ಬರ್ ಒಳಗೆ ಟೊಳ್ಳು, ಲಂಗದಲ್ಲಿ ಲಾಡಿ ಹೋಗುವ ನೇಫೆಯ ಹಾಗೆ. ಲಾಡಿಯ ತುದಿಗೆ ಸೇಫ್ಟಿ ಪಿನ್ನು ಚುಚ್ಚಿ, ಒಳಗೆ ಪೌಡರ್ ಊದಿ, ಪಿನ್ನನ್ನು ಬೆರಳಲ್ಲಿ ತಡವುತ್ತ ತಡವುತ್ತ ಆ ತುದಿಯಿಂದ ಈ ತುದಿಗೆ ಹಾಯಿಸಿದರು. ಲಾಡಿಯ ಬಾಲಕ್ಕೆ ಸಲೈನ್ ಕೊಡುವ ತೆಳು ನಳಿಗೆ ಕಟ್ಟಿ ಎಳೆದರೆ ನಳಿಗೆ ಸರಕ್ಕನೆ ರಬ್ಬರಿನ ಹೊಟ್ಟೆಯೊಳಗೆ ಹೋಗಿ ಕೂತಿತು. ಚಪ್ಪಟೆ ಪಟ್ಟಿ ಮತ್ತೆ ದುಂಡಗಾಯಿತು. ಅವಧಿ ಮೀರಿದ ಸಲೈನ್ ಸೆಟ್ಟುಗಳನ್ನು ಪರಿಚಯದ ಮೆಡಿಕಲ್ ಶಾಪಿನವರು ಎಸೆಯದೆ ಇವರಿಗಾಗಿ ತೆಗೆದಿಡುತ್ತಿದ್ದರಂತೆ. ಇಂಜಿನಿಯರುಗಳಿಗೆ ಇದೆಲ್ಲ ಹೊಳೆಯುತ್ತದೋ ಇಲ್ಲವೋ, ಜನ್ಮದಲ್ಲಿ ಒಮ್ಮೆ ಲಂಗಕ್ಕೆ ಲಾಡಿ ಹಾಕಿದವರಿಗೆ ಹೊಳೆಯುತ್ತದೆ.

ಹರಿದ ಕಡೆ ಉಪ್ಪು ಕಾಗದದಿಂದ ಉಜ್ಜಿ, ಸ್ಪಿರಿಟ್‌ನಲ್ಲಿ ಒರೆಸಿ, ಸೈಕಲ್ ಟ್ಯೂಬಿನ ತುಂಡು ಕತ್ತರಿಸಿ ಪಂಕ್ಚರ್ ಸೊಲ್ಯೂಷನ್ ಹಚ್ಚಿ ಅಂಟಿಸುವುದು. ಇಲ್ಲಿ ನಾನು ಅವಸರ ಮಾಡಿದೆ, ಕೈಮೇಲೆ ಏಟು ಬಿತ್ತು. "ಹಚ್ಚಿದ ಕೂಡ್ಲೆ ಅಂಟಸಬ್ಯಾಡ. ಬೆರಳ ಇಟ್ರ ಹಿಡೀಬೇಕು, ಅಂಟು ಮಾತ್ರ ಬೆರಳಿಗೆ ಬರಬಾರದು. ಅಲ್ಲೀತನಕಾ ಸುಮ್ನ ಕೂಡು, ಮಾತಾಡಬ್ಯಾಡ." ಆ ಐದು ನಿಮಿಷ ನಾನು ಮಾತಾಡುವಂತಿರಲಿಲ್ಲ, ಅವರು ಮಾತ್ರ ಬಾಯಿಗೆ ಬಿಡುವು ಕೊಡಲಿಲ್ಲ. ಕೊನೆಗೆ ಬಟ್ಟೆಯ ತುದಿಯಿಂದ ತೆಳ್ಳಗೆ ಗ್ಲಿಸರಿನ್, ಅದರ ಮೇಲೆ ಒಂದು ಚಿಟಿಕೆ ಪೌಡರ್.

ಆಮೇಲೆ ಪರೀಕ್ಷೆ. ಚೀಲದಿಂದ ಗೋಡೆ ಕ್ಯಾಲೆಂಡರಿನ ನಿನ್ನೆಯ ಹಾಳೆ ತೆಗೆದು ಬಾಗಿಲ ಸಂದಿಗೆ ಹಿಡಿದು ಬಾಗಿಲು ಹಾಕಿಸಿದರು. ಹಾಳೆಯನ್ನು ಹೊರಗಿಂದ ಎಳೆದರು. ಸುಲಭವಾಗಿ ಬಂದರೆ ಅಲ್ಲಿ ನೀರೂ ಬರುತ್ತದೆ. ಬರದೆ ಜಗ್ಗಿದರೆ ರಬ್ಬರ್ ಸರಿಯಾಗಿದೆ. ಬಾಗಿಲ ಸುತ್ತ ಹನ್ನೆರಡು ಕಡೆ ಹೀಗೆ ಎಳೆದು, ಕೊನೆಗೆ ಒಂದೇ ಮಾತು: "ಹಿಡದದ."

ಅವರ ಬಾಯಲ್ಲಿ ಬರುತ್ತಿದ್ದ ತೀರ್ಪುಗಳು ಎರಡೇ. "ಹಿಡದದ", ಇಲ್ಲವೇ "ಹಿಡದಿಲ್ಲ". ಸೊಸೈಟಿಯ ಹೊಸ ಸೆಕ್ರೆಟರಿ, ಪಕ್ಕದ ಮನೆಯವರು ನೋಡಿಬಂದ ವರ, ನಾನು ಮಾಡಿಕೊಟ್ಟ ಕಾಫಿ, ಎಲ್ಲಕ್ಕೂ ಇವೆರಡರಲ್ಲಿ ಒಂದು. ಕಾಫಿ ಕೊನೆಯವರೆಗೂ ಹಿಡಿಯಲಿಲ್ಲ.

ಸೊಸೈಟಿಯವರು ಅವರನ್ನು ಮೊದಲು 'ಮದ್ರಾಸಿ ಬೆನ್', ಅಂದರೆ ಮದ್ರಾಸಿ ಅಕ್ಕ, ಅನ್ನುತ್ತಿದ್ದರಂತೆ. ಧಾರವಾಡಕ್ಕೂ ಮದ್ರಾಸಿಗೂ ಇರುವ ದೂರವನ್ನು ಎಷ್ಟು ಸಲ ಹೇಳಿದರೂ ಯಾರ ತಲೆಗೂ ಹೋಗಿರಲಿಲ್ಲ. ನಾನು ಬರುವ ಹೊತ್ತಿಗೆ ಅವರು 'ರಬ್ಬರ್ ಬೆನ್' ಆಗಿದ್ದರು. ಭಾನುವಾರ ಬೆಳಗ್ಗೆ ಪಾರ್ಕಿಂಗ್‌ನಲ್ಲಿ ಆಸ್ಪತ್ರೆಯ ಹೊರರೋಗಿಗಳ ವಿಭಾಗದಂತೆ ಕಾರುಗಳ ಸಾಲು. ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಗುಲಾಬಿ ದಾರದ ಕನ್ನಡಕ ಏರಿಸಿ, ಒಂದೊಂದೇ ಬಾಗಿಲಿನ ನಾಡಿ ಹಿಡಿದು ನೋಡುವರು. ಕೆಲಸವನ್ನು ಕಾರಿನವರೇ ಮಾಡಬೇಕು, ಇವರು ಹೇಳುವುದಷ್ಟೇ. ಕೊನೆಗೆ ಚೀಟಿ ಬರೆದುಕೊಡುವರು: "ಗ್ಲಿಸರಿನ್, ತೆಳ್ಳಗೆ, ತಿಂಗಳಿಗೊಮ್ಮೆ. ಪೌಡರ್, ಒಣಗಿದ ಮೇಲೆ. ವಾರ ಬಿಟ್ಟು ತೋರಿಸುವುದು." ಫೀಸಿಲ್ಲ. ಯಾರಾದರೂ ಆ ಊರಿನ ಖಾರದ ತಿಂಡಿ ಸೇವ್ ಉಸಳ್ ಕಟ್ಟಿಸಿಕೊಂಡು ಬಂದರೆ ಬೇಡವೆನ್ನುತ್ತಿರಲಿಲ್ಲ. ಖಾರ ಕಡಿಮೆಯಾದರೆ ಮಾತ್ರ "ಹಿಡದಿಲ್ಲ".

ಗುಜರಾತಿಯಲ್ಲಿ ಅವರಿಗೆ ಆಗಿಬರದ ಪದ ಒಂದೇ, 'ಚಾಲ್ಶೇ'. ನಡೆಯುತ್ತೆ ಬಿಡಿ, ಅಂತ. ಮೂರನೇ ಮಹಡಿಯ ಸೀರೆ ವ್ಯಾಪಾರಿ ಒಮ್ಮೆ ಉಪ್ಪು ಕಾಗದ ಉಜ್ಜದೆಯೇ ತೇಪೆ ಅಂಟಿಸಿ, "ಚಾಲ್ಶೇ, ಬೆನ್" ಅಂದರು. ಇವರು ಕುರ್ಚಿಯಿಂದ ಎದ್ದು ಆ ತೇಪೆಯನ್ನು ಎರಡು ಬೆರಳಲ್ಲಿ ಚರಕ್ಕನೆ ಕಿತ್ತು ಅವರ ಅಂಗೈಗೆ ಇಟ್ಟು, "ನಹೀ ಚಾಲೇ" ಅಂದು ಮತ್ತೆ ಕೂತರು. ಆ ಮನುಷ್ಯ ಉಪ್ಪು ಕಾಗದ ತೆಗೆದುಕೊಂಡು ಉಜ್ಜತೊಡಗಿದರು.

ಎಲ್ಲವೂ ಅವರಿಗೆ ಬರುತ್ತಿತ್ತೆಂದು ತಿಳಿಯಬೇಡಿ. ಒಬ್ಬ ಹಲ್ಲಿನ ಡಾಕ್ಟರ ಹಳೆಯ ಕಾರಿನ ಮುಂದಿನ ದೊಡ್ಡ ಗಾಜಿನ ರಬ್ಬರ್ ಸೋರುತ್ತಿತ್ತು. ಎರಡು ಭಾನುವಾರ ಹೆಣಗಿದರು. ಮೂರನೆಯ ವಾರ ಡಾಕ್ಟರು ತೊಡೆಯ ಮೇಲೆ ಮಳೆ ಸುರಿಸಿಕೊಂಡು ಬಂದರು. ಅಕ್ಕ ಸ್ವಲ್ಪವೂ ನಾಚಿಕೊಳ್ಳದೆ ಚೀಟಿ ತೆಗೆದು, "ಹೆಚ್ಚಿನ ಚಿಕಿತ್ಸೆಗಾಗಿ ಗ್ಯಾರೇಜಿಗೆ ಕಳುಹಿಸಲಾಗಿದೆ" ಅಂತ ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕಿ ಕೊಟ್ಟರು. ಆ ಚೀಟಿಯನ್ನು ಡಾಕ್ಟರು ಕ್ಲಿನಿಕ್ಕಿನಲ್ಲಿ ಗಾಜು ಹಾಕಿಸಿ ಇಟ್ಟುಕೊಂಡಿದ್ದಾರೆಂದು ಕೇಳಿದ್ದೇನೆ.

ಈ ನಗುವಿನ ಹಿಂದೆ ಅವರ ಮನೆಯಲ್ಲಿ ಒಂದು ಕಷ್ಟ ಕೂತಿತ್ತು. ಗಂಡನಿಗೆ, ಸೊಸೈಟಿಯವರೆಲ್ಲ 'ಗಾರ್ಡ್ ಸಾಹೇಬ್' ಅನ್ನುತ್ತಿದ್ದವರಿಗೆ, ಪಾರ್ಶ್ವವಾಯು ಹೊಡೆದು ಬಲಗೈ ಬಲಗಾಲು ಬಿದ್ದುಹೋಗಿತ್ತು. ಮಾತೂ ಹೋಗಿತ್ತು. ವಾರಕ್ಕೆ ಮೂರು ದಿನ ಅಲ್ಕಾಪುರಿಯ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋಗಿ ವ್ಯಾಯಾಮ ಮಾಡಿಸಬೇಕು. ಬಿಟ್ಟರೆ ಕಾಲು ಸೆಟೆದುಕೊಳ್ಳುತ್ತದೆ, ಆಮೇಲೆ ಹಾಸಿಗೆಯೇ ಗತಿ ಅಂತ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು. ಅಕ್ಕನಿಗೆ ರಾತ್ರಿ ಹಗಲು ಇದ್ದ ಹೆದರಿಕೆ ಅದೊಂದೇ.

ಸಾಹೇಬರು ಭಾರೀ ಹಟದ ಮನುಷ್ಯ. ಬೇಡ ಅನ್ನಿಸಿದರೆ ಎಡಗೈಯಿಂದ ಮಂಚದ ಪಟ್ಟಿ ಹಿಡಿದುಕೊಂಡರೆ ಮುಗಿಯಿತು, ಇಬ್ಬರು ಎಳೆದರೂ ಬರುವವರಲ್ಲ. ಆದರೆ ಸೋಮವಾರ, ಬುಧವಾರ, ಶುಕ್ರವಾರ ಮಾತ್ರ ತಾವಾಗಿಯೇ ಅಂಗಿಯ ಗುಂಡಿ ಹಾಕಿಸಿಕೊಂಡು ಬಾಗಿಲಲ್ಲಿ ಕಾಯುತ್ತಿದ್ದರು. ಲಿಫ್ಟಿಲ್ಲದ ಕಟ್ಟಡ. ಮೊದಲ ಮಹಡಿಯಿಂದ ಹದಿನೆಂಟು ಮೆಟ್ಟಿಲು ಇಳಿಯಲು ಕಾಲು ಗಂಟೆ. ಕಾರಿನ ಹತ್ತಿರ ಬಂದು, ಮುಂದಿನ ಎಡಬಾಗಿಲಲ್ಲಿ ಸೀಟಿಗೆ ಬೆನ್ನು ಮಾಡಿ ಕೂತು, ಎಡಗೈಯಿಂದ ಬಲಗಾಲನ್ನು ಎತ್ತಿ ಒಳಗಿಡುವರು. ಅಕ್ಕ ಸಹಾಯಕ್ಕೆ ಕೈ ಚಾಚಿದರೆ ಗುರ್ ಅನ್ನುವರು. ಇಷ್ಟು ಹುಮ್ಮಸ್ಸು ಎಲ್ಲಿಂದ ಬರುತ್ತದೆಂದು ನಾನು ಆಶ್ಚರ್ಯಪಡುತ್ತಿದ್ದೆ. ವ್ಯಾಯಾಮ ಮಾಡಿಸುವ ಹುಡುಗಿ ತನ್ನಿಂದ ಅಂದುಕೊಂಡಿದ್ದಳು.

ಅಕ್ಕ ಕಾರು ಓಡಿಸುವ ರೀತಿಯೇ ಬೇರೆ. ಬೆನ್ನು ನೆಟ್ಟಗೆ, ಎರಡೂ ಕೈ ಸ್ಟೀರಿಂಗ್ ಮೇಲೆ, ಹಾರ್ನ್ ಹೊಡೆಯುವ ಮಾತೇ ಇಲ್ಲ. ಹಾರ್ನ್ ಇಲ್ಲದೆ ವಡೋದರಾದಲ್ಲಿ ಕಾರು ಓಡಿಸುವುದು ಸಣ್ಣ ಸಾಧನೆಯಲ್ಲ. ಎದುರಿಗೆ ಎಮ್ಮೆ ಬಂದರೂ ನಿಂತು ಕಾಯುವರು. "ಅವಕ್ಕೂ ಕಣ್ಣ ಅವ," ಅನ್ನುವರು.

ಒಂದು ವಿಚಿತ್ರ ಮಾತ್ರ ನನ್ನ ಕಣ್ಣಿಗೆ ಬಿದ್ದಿತ್ತು. ನಮ್ಮ ಸೊಸೈಟಿಯಿಂದ ಅಲ್ಕಾಪುರಿಗೆ ಹತ್ತು ನಿಮಿಷದ ದಾರಿ. ಅಕ್ಕ ಮುಕ್ಕಾಲು ಗಂಟೆ ಮೊದಲೇ ಹೊರಟು, ಊರ ಹೊರಗಿನ ಹೆದ್ದಾರಿಗೆ ಹೋಗಿ, ದೊಡ್ಡ ಸುತ್ತು ಹಾಕಿಕೊಂಡು ಬರುತ್ತಿದ್ದರು. ಒಮ್ಮೆ ನನ್ನ ಕಾರು ಸರ್ವೀಸಿಗೆ ಹೋಗಿದ್ದಾಗ ಅವರ ಜೊತೆ ಬ್ಯಾಂಕಿಗೆ ಹೊರಟೆ. ಸಾಹೇಬರ ಹಿಂದಿನ ಸೀಟಿನಲ್ಲಿ ಕೂತಿದ್ದೆ. ಹೆದ್ದಾರಿಯಲ್ಲಿ ಕಾರು ಅರವತ್ತು ಮುಟ್ಟಿತು, ಮುಂದಿನ ಎಡಬಾಗಿಲ ಮೇಲಿನ ಮೂಲೆಯಿಂದ 'ಸುಯ್' ಅಂತ ಸೀಟಿ ಶುರುವಾಯಿತು. ನೋಡಿದರೆ ಅಲ್ಲಿ ರಬ್ಬರ್ ಸವೆದು ಬೆರಳಗಲ ಜಾಗ ಬಿಟ್ಟುಕೊಂಡಿದೆ. ಗಾಳಿ ಅಲ್ಲಿಂದ ನುಗ್ಗುತ್ತಿದೆ.

"ಅಕ್ಕಾ, ಊರವರ ಬಾಗಿಲೆಲ್ಲ ರಿಪೇರಿ ಮಾಡಿ ನಿಮ್ಮ ಬಾಗಿಲು ಹೀಗೆ ಬಿಟ್ಟಿದ್ದೀರಲ್ಲ! ರಬ್ಬರಲ್ಲಿ ಉಳಿಸಿದ್ದನ್ನು ಪೆಟ್ರೋಲಲ್ಲಿ ಸುರಿಯುತ್ತಿದ್ದೀರಿ," ಅಂತ ರೇಗಿಸಿದೆ.

"ಇರಲಿ ಬಿಡೋ," ಅಂದರು. ನನಗೆ ಅವರ ದನಿಯಲ್ಲಿ ವಿಶೇಷವೇನೂ ಕೇಳಿಸಲಿಲ್ಲ. ಗಾಳಿ ಜೋರಾಗಿತ್ತು, ನಾನು ಫೋನು ನೋಡುತ್ತಿದ್ದೆ.

ಮೂರು ವರ್ಷವಾದ ಮೇಲೆ ಅಹಮದಾಬಾದಿಗೆ ವರ್ಗದ ಆದೇಶ ಬಂತು. ಅಲ್ಲಿಯ ಬೋಡಕ್‌ದೇವ್‌ನಲ್ಲಿ ಮನೆ ಸಿಕ್ಕಿತು, ಹೆಂಡತಿಯೂ ಕೆಲಸ ಬಿಟ್ಟು ಬರಲು ಒಪ್ಪಿದಳು. ಹೊರಡುವ ಮುಂಚೆ ಅಕ್ಕನಿಗೆ ಏನಾದರೂ ಕೊಡಬೇಕು. ಸೀರೆ ಕೊಟ್ಟರೆ "ಹಿಡದಿಲ್ಲ" ಅಂದಾರು ಅನ್ನುವ ಭಯ. ಯೋಚಿಸಿ ಯೋಚಿಸಿ ಕೊನೆಗೆ ಹೊಳೆಯಿತು: ಆ ಎಡಬಾಗಿಲು. ಗುರುದಕ್ಷಿಣೆಯೆಂದರೆ ಇದಲ್ಲವೇ! ಇಕ್ಕಟ್ಟಿನ ಪಾರ್ಕಿಂಗಾದ್ದರಿಂದ ಎಲ್ಲರ ಕಾರಿನ ಕೀಲಿಗಳೂ ವಾಚ್‌ಮನ್ ಹತ್ತಿರ ಇರುತ್ತಿದ್ದವು. ಭಾನುವಾರ ಮಧ್ಯಾಹ್ನ ಅವರು ಮಲಗಿದ ಹೊತ್ತು ನೋಡಿ ಕೆಲಸಕ್ಕೆ ಕೂತೆ. ಉಪ್ಪು ಕಾಗದ ಹಾಕಿ ಉಜ್ಜಿದೆ, ಸ್ಪಿರಿಟ್ ಹಾಕಿ ಒರೆಸಿದೆ. ಒಳ್ಳೆಯ ರಬ್ಬರಿನ ತುಂಡೊಂದನ್ನು ಮೂಲೆಯ ತಿರುವಿಗೆ ಸರಿಯಾಗಿ ಕೊರೆದು, ಒಳಗೆ ಪುಟ್ಟ ನಳಿಗೆ ತೂರಿಸಿ, ಸೊಲ್ಯೂಷನ್ ಹಚ್ಚಿ, ಬಾಯಿ ಮುಚ್ಚಿಕೊಂಡು ಕಾದು, ಅಂಟಿಸಿದೆ. ಕ್ಯಾಲೆಂಡರಿನ ಹಾಳೆ ಇಟ್ಟು ಎಳೆದರೆ ಹಾಳೆಯೇ ಹರಿಯಿತೇ ಹೊರತು ಬರಲಿಲ್ಲ. ನನ್ನ ಜೀವಮಾನದಲ್ಲಿ ಅಷ್ಟು ಅಚ್ಚುಕಟ್ಟಾದ ಕೆಲಸ ಇನ್ನೊಂದು ಮಾಡಿಲ್ಲ. ಹೆಮ್ಮೆಯಿಂದ ಕೀಲಿ ವಾಪಸು ಕೊಟ್ಟು, ಅವರೇ ಕಂಡುಹಿಡಿಯಲಿ ಅಂತ ಸುಮ್ಮನಾದೆ.

ಬುಧವಾರ ಸಂಜೆ ನಾನು ಪಾತ್ರೆಗಳನ್ನು ಪೇಪರಿನಲ್ಲಿ ಸುತ್ತುತ್ತಿದ್ದಾಗ ಅಕ್ಕ ಬಂದರು.

"ಎಡಬಾಗಿಲಿಗೆ ನೀ ಕೈ ಹಚ್ಚಿದೇನು?"

"ಹೂಂ ಅಕ್ಕಾ! ಹೇಗಿದೆ? ಹಿಡಿದಿದೆ ತಾನೇ?"

"ಹಿಡದದ," ಅಂದರು. ನಾನು ಮುಖ ಅರಳಿಸಿ ನೋಡಿದೆ. ಅವರ ಮುಖ ಅರಳಿರಲಿಲ್ಲ. ರಟ್ಟಿನ ಪೆಟ್ಟಿಗೆಯೊಂದರ ಮೇಲೆ ಕೂತರು. "ಭಾಳ ಛಲೋ ಹಿಡದದ. ಸೋಮವಾರ ಎಂಬತ್ತಕ್ಕ ಹೋದೆ, ಸಪ್ಪಳಿಲ್ಲ. ಇವರು ನನ್ನ ಮಾರಿ ನೋಡಿದ್ರು, ಬಾಗಲಾ ನೋಡಿದ್ರು. ಕ್ಲಿನಿಕ್ಕಿನ ಮುಂದ ಕಾರಿಂದ ಇಳೀಲೇ ಇಲ್ಲ. ಇವತ್ತ ಮುಂಜಾನೆ ಮಂಚದ ಪಟ್ಟಿ ಹಿಡದು ಕೂತ್ರು. ಇನ್ನೂ ಬಿಟ್ಟಿಲ್ಲ."

ನನಗೆ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು.

"ಲಕ್ವಾ ಹೊಡದ ಮ್ಯಾಲೆ ಆರ ತಿಂಗಳಾ ಇವರು ಹೊಸ್ತಿಲಾ ದಾಟಿರಲಿಲ್ಲೋ ತಮ್ಮಾ. ಒಂದ ದಿನಾ ಇಬ್ಬರ ಕಡಿಂದ ಎತ್ತಿಸಿ ಕಾರಿನ್ಯಾಗ ಕೂಡಿಸಿ ಸೂರತ್ತಿಗೆ ಮಗಳ ಕಡೆ ಹೊಂಟಿದ್ದೆ. ಹೈವೇದಾಗ ಆ ಬಾಗಲಾ ಸೀಟಿ ಹೊಡೀತು. ಹೊಡದ ಕೂಡ್ಲೆ ಇವರ ಎಡಗೈ ತಾನ ಮ್ಯಾಲೆ ಎದ್ತು, ಹಸರ ಝಂಡಾ ತೋರಿಸಿಧಂಗ. ಮೂವತ್ತ ವರ್ಷ ಸೀಟಿ ಊದಿ ಝಂಡಾ ತೋರಿಸಿದ ಕೈ ಅಲ್ಲೇನು? ಆರ ತಿಂಗಳಿನಾಗ ಯಾರೂ ಹೇಳಲಾರದ ಅವರು ಮಾಡಿದ ಮೊದಲನೇ ಕೆಲಸಾ ಅದು. ಇನ್ನೂ ತಾವ ಗಾಡಿ ಬಿಡ್ತೇನಿ ಅಂತ ಅನಸ್ತದೋ ಏನೋ. ಅನಸಲಿ. ಅದರ ಸಲುವಾಗಿ ಮೆಟ್ಟಲಾ ಇಳೀತಾರ."

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಾನು ಏನೇನೋ ತೊದಲಿದೆ. ಅವರು ಬೈಯಲಿಲ್ಲ. ಎದ್ದು ನಿಂತು, "ಹೇಳಲಾರದ ಇದ್ದದ್ದು ನಂದೂ ತಪ್ಪ. ನಡಿ, ತಗೀಬೇಕು," ಅಂದರು.

ಪಾರ್ಕಿಂಗ್‌ನಲ್ಲಿ ಟಾರ್ಚ್ ಹಿಡಿದು ನಿಂತೆ. ಅಕ್ಕ ತಮ್ಮ ಡಬ್ಬಿಯಿಂದ ಗಾಳಿಪಟದ ದಾರ ತೆಗೆದು ನನ್ನ ತೇಪೆಯ ಹಿಂದೆ ಹಾಯಿಸಿ, ಎರಡೂ ತುದಿ ಹಿಡಿದು ಗರಗಸದ ಹಾಗೆ ಅತ್ತ ಇತ್ತ ಎಳೆದರು. ರಬ್ಬರಿಗೆ ಸ್ವಲ್ಪವೂ ಗಾಯವಾಗದಂತೆ ತುಂಡು ಇಡಿಯಾಗಿ ಬಿಟ್ಟುಕೊಂಡು ಬಂತು. ಅದನ್ನು ಅವರು ಸೆರಗಿನಲ್ಲಿ ಒರೆಸಿ ಡಬ್ಬಿಗೆ ಹಾಕಿಕೊಂಡರು.

ಮರುದಿನ ಬೆಳಗ್ಗೆ ಅವರ ಮನೆಗೆ ಹೋದೆ. ಸಾಹೇಬರು ಗೋಡೆಗೆ ಮುಖ ಮಾಡಿ ಕೂತಿದ್ದರು. ಅಕ್ಕ ಅವರ ಕಿವಿಯ ಹತ್ತಿರ ಬಗ್ಗಿ, "ಬಾಗಲಾ ರಿಪೇರಿ ಆಗ್ಯದ್ರೀ. ಒಮ್ಮೆ ನೋಡೂಣು ಬರ್ರಿ," ಅಂದರು. ಬಹಳ ಹೊತ್ತು ಏನೂ ಆಗಲಿಲ್ಲ. ಚಹಾ ಆರಿಹೋಯಿತು. ಆಮೇಲೆ ಎಡಗೈಯ ಬೆರಳುಗಳು ಮಂಚದ ಪಟ್ಟಿಯಿಂದ ಒಂದೊಂದೇ ಬಿಟ್ಟವು.

ನಾನು ಈ ಸಲ ಬಲಗಡೆ, ಅಕ್ಕನ ಹಿಂದೆ ಕೂತೆ. ಹೆದ್ದಾರಿ ಬಂತು. ನಲವತ್ತು, ಐವತ್ತು. ಅಕ್ಕನ ಕಣ್ಣು ಮುಳ್ಳಿನ ಮೇಲೆ, ನನ್ನ ಕಣ್ಣು ಸಾಹೇಬರ ಎಡಗೈ ಮೇಲೆ. ಅದು ತೊಡೆಯ ಮೇಲೆ ಬಿದ್ದುಕೊಂಡಿತ್ತು. ಮುಳ್ಳು ಅರವತ್ತಕ್ಕೆ ಬಂದದ್ದೇ, ಕುಕ್ಕರ್ ಇನ್ನೇನು ಕೂಗಬೇಕು ಅನ್ನುವಾಗಿನ ಹಾಗೆ ಸಣ್ಣಗೆ ಶುರುವಾಗಿ, ಸೀಟಿ ಏರಿತು. ಕೈ ಎದ್ದಿತು. ಮೊಣಕೈ ಕಿಟಕಿಗೆ ತಾಗಿಸಿ, ಮುಷ್ಟಿ ಹಿಡಿದು, ಝಂಡಾ ಹಿಡಿದವರ ಹಾಗೆಯೇ ಒಂದಿಷ್ಟು ಹೊರಗೆ ವಾಲಿಸಿ ನಿಲ್ಲಿಸಿದರು. ಅವರ ಮುಖದ ಅರ್ಧ ಭಾಗ ನಗುತ್ತಿತ್ತು. ಆಗ ಅಕ್ಕ, ಎಮ್ಮೆಗೂ ಹಾರ್ನ್ ಹೊಡೆಯದ ಅಕ್ಕ, ಖಾಲಿ ರಸ್ತೆಯಲ್ಲಿ ಒಂದೇ ಒಂದು ಸಲ ಪೊಂಯ್ ಅನ್ನಿಸಿದರು.

"ಗಾರ್ಡ್ ಝಂಡಾ ತೋರಿಸಿದ ಮ್ಯಾಲೆ ಡ್ರೈವರ್ ಉತ್ತರಾ ಕೊಡಬೇಕಾಗ್ತದ," ಅಂದರು ನನಗೆ, ಹಿಂದೆ ತಿರುಗದೆ. ನಾನು ಕಿಟಕಿಯಾಚೆ ನೋಡುತ್ತ ಕೂತೆ.

ಆಮೇಲೆ ನಾಲ್ಕು ವರ್ಷ ಆ ಗಾಡಿ ವಾರಕ್ಕೆ ಮೂರು ದಿನ ತಪ್ಪದೆ ಓಡಿತು. ಸಾಹೇಬರ ಕಾಲು ಸೆಟೆಯಲಿಲ್ಲ, ಹಾಸಿಗೆ ಹಿಡಿಯಲಿಲ್ಲ. ಒಂದು ಶುಕ್ರವಾರ ಕ್ಲಿನಿಕ್ಕಿನಿಂದ ಬಂದು, ಹದಿನೆಂಟು ಮೆಟ್ಟಿಲು ತಾವೇ ಹತ್ತಿ, ಊಟ ಮಾಡಿ ಮಲಗಿದವರು ಮತ್ತೆ ಏಳಲಿಲ್ಲ.

ವಿಷಯ ತಿಳಿದು ಆಗಲೇ ಹೋಗಿಬಂದಿದ್ದೆ. ಒಂದೂವರೆ ತಿಂಗಳ ಮೇಲೆ ಅಕ್ಕನೇ ಫೋನ್ ಮಾಡಿದರು. "ಕಣ್ಣಿಗೆ ಪೊರಿ ಬಂದದ. ಮಗಳು ಸೂರತ್ತಿಗೆ ಬಾ ಅಂತಾಳ. ಕಾರು ಮೂರನೇ ಮಹಡಿಯವರು ಕೇಳ್ಯಾರ. ಕೊಡೂಕಿಂತ ಮೊದಲ ಒಂದ ಕೆಲಸ ಅದ, ಬಂದ ಹೋಗು."

ಹೋದೆ. ಪಾರ್ಕಿಂಗ್‌ನಲ್ಲಿ ಅದೇ ಪ್ಲಾಸ್ಟಿಕ್ ಕುರ್ಚಿ, ಅದೇ ಗುಲಾಬಿ ದಾರ. ಅಕ್ಕ ಡಬ್ಬಿಯ ಮುಚ್ಚಳ ತೆಗೆದು, ಪೌಡರಿನೊಳಗೆ ಬೆರಳಾಡಿಸಿ, ಕರಿಯ ತುಂಡೊಂದನ್ನು ಹೊರತೆಗೆದು ಕೊಡವಿದರು. ನಾನು ಕೊರೆದಿದ್ದ ತುಂಡು. ನಾಲ್ಕು ವರ್ಷದ ಮೇಲೂ ಹೊಸದರ ಹಾಗೆ ಮೆತ್ತಗಿತ್ತು.

"ಛಲೋ ಕೊರದಿದ್ದಿ. ಅವತ್ತ ಹೇಳೂದು ಆಗಲಿಲ್ಲ," ಅಂದರು. "ಹಚ್ಚು. ಸೋರೂ ಬಾಗಲಾ ಮಂದಿಗೆ ಕೊಡಬಾರದು."

ಉಜ್ಜಿದೆ, ಒರೆಸಿದೆ, ಹಚ್ಚಿದೆ, ಕಾದೆ. ಆ ಐದು ನಿಮಿಷ ಅವರೂ ಮಾತಾಡಲಿಲ್ಲ. ಒತ್ತಿ ಹಿಡಿದೆ. ಕ್ಯಾಲೆಂಡರಿನ ಹಾಳೆ ಇಟ್ಟು ಅವರೇ ಎಳೆದು ನೋಡಿದರು. ತೀರ್ಪು ಹೇಳಲಿಲ್ಲ, ಕೀಲಿ ತೆಗೆದುಕೊಂಡು ಕಾರು ಹತ್ತಿದರು. "ನನ್ನನ್ನ ಸ್ಟೇಷನ್ನಿಗೆ ಬಿಡೋದು ಬೇಡ ಅಕ್ಕಾ, ಕಣ್ಣು ಬೇರೆ..." ಅಂದರೆ, "ಹಗಲ ಹೊತ್ತು ಕಾಣಸ್ತದ, ಕೂಡು," ಅಂದರು. ಮುಂದಿನ ಎಡಸೀಟಿನಲ್ಲಿ ಕೂತೆ.

ಸ್ಟೇಷನ್ ಇರುವುದು ಅಲ್ಕಾಪುರಿಯ ಪಕ್ಕದಲ್ಲೇ. ಆದರೂ ಅವರ ಕೈ ಅಭ್ಯಾಸದಂತೆ ಹೆದ್ದಾರಿಯ ಕಡೆಗೇ ತಿರುಗಿತು. ನಲವತ್ತು, ಐವತ್ತು, ಅರವತ್ತು. ಬಾಗಿಲು ಸದ್ದಿಲ್ಲದೆ ಕೂತಿತ್ತು. ಅಕ್ಕನ ಹೆಬ್ಬೆರಳು ಹಾರ್ನಿನ ಮೇಲೆ ಹೋಗಿ ಸ್ವಲ್ಪ ಹೊತ್ತು ನಿಂತು ವಾಪಸು ಬಂತು.

"ಹಿಡದದ," ಅಂದರು.

ಮುಂದಿನ ತಿರುವಿನಲ್ಲಿ ಕಾರನ್ನು ನಿಧಾನ ಮಾಡಿ ಊರ ಕಡೆಗೆ ಹೊರಳಿಸಿದರು. "ಇನ್ನ ಹತ್ರದ ದಾರೀಲೆ ಹೋಗೂಣು, ತಮ್ಮಾ."